ಒಂದೇ ಕಪಾಟು, ಎರಡು ಜೋಡಣೆ: ಬೆಂಥಮ್–ಹೂಕರ್ ಮತ್ತು ಎಪಿಜಿ

ನಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಹರ್ಬೇರಿಯಂ ಹಾಳೆಗಳನ್ನು, ಅಂದರೆ ಒಣಗಿಸಿ ಅಂಟಿಸಿದ ಸಸ್ಯಮಾದರಿಗಳನ್ನು, ಒಂದು ವರ್ಷ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ ಅವರ ವರ್ಗೀಕರಣ ಪದ್ಧತಿಯಂತೆಯೂ ಮರುವರ್ಷ ಎಪಿಜಿ (ಆಂಜಿಯೊಸ್ಪರ್ಮ್ ಫೈಲೊಜೆನಿ ಗ್ರೂಪ್ ಎಂಬ ಸಸ್ಯಶಾಸ್ತ್ರಜ್ಞರ ತಂಡ) ಪದ್ಧತಿಯಂತೆಯೂ ಜೋಡಿಸಿ, ಎರಡನ್ನೂ ಬಿ.ಎಸ್ಸಿ. ತರಗತಿಯಲ್ಲಿ ಬಳಸಿ ನೋಡಿದ್ದೇನೆ.

1862ರಿಂದ 1883ರವರೆಗೆ ಲ್ಯಾಟಿನ್‌ನಲ್ಲಿ ಪ್ರಕಟವಾದ ಮೊದಲನೆಯ ಪದ್ಧತಿ ಕಣ್ಣಿಗೆ ಕಾಣುವುದನ್ನೇ ನಂಬುತ್ತದೆ. ಹೂದಳಗಳು ಬಿಡಿಯಾಗಿವೆಯೇ, ಕೂಡಿಕೊಂಡಿವೆಯೇ ಅಥವಾ ದಳಗಳೇ ಇಲ್ಲವೇ ಎಂಬಲ್ಲಿಂದ ದ್ವಿದಳ ಸಸ್ಯಗಳ ವಿಂಗಡಣೆ ಆರಂಭವಾಗುವುದರಿಂದ, ಕೈಯಲ್ಲೊಂದು ಮಸೂರವಿದ್ದರೆ ವಿದ್ಯಾರ್ಥಿಯು ಹೆಚ್ಚಿನ ಸಂದರ್ಭಗಳಲ್ಲಿ ಕುಟುಂಬದವರೆಗೆ ತಾನೇ ತಲುಪುತ್ತಾನೆ. ಎರಡನೆಯದು 1998ರಲ್ಲಿ ಬಂದು, 2016ರ ನಾಲ್ಕನೆಯ ಆವೃತ್ತಿಯಲ್ಲಿ 64 ಗಣಗಳನ್ನೂ (ಕುಟುಂಬಕ್ಕಿಂತ ಮೇಲಿನ ಗುಂಪುಗಳು) 416 ಕುಟುಂಬಗಳನ್ನೂ ಒಪ್ಪಿಕೊಂಡಿದೆ. ಅದರ ಆಧಾರ ಮುಖ್ಯವಾಗಿ ಡಿಎನ್‌ಎ. ಒಬ್ಬ ಪೂರ್ವಜನ ಸಂತತಿಯೆಲ್ಲ ಒಂದೇ ಗುಂಪಿನಲ್ಲಿರಬೇಕೆಂಬುದು ಅದರ ಹಟ.

ಈ ಹಟದ ಬೆಲೆ ತರಗತಿಯಲ್ಲಿ ತಿಳಿಯಿತು. ತುಳಸಿಯ ಹೂವನ್ನು ಬಿಡಿಸಿದರೆ ಶಲಾಕೆಯು (ಹೆಣ್ಣು ಭಾಗದ ಕಡ್ಡಿಯಂಥ ನಳಿಕೆ) ಅಂಡಾಶಯದ ನಾಲ್ಕು ಹಾಲೆಗಳ ನಡುವೆ, ತಳದಿಂದ ಏಳುತ್ತದೆ. ತೇಗದಲ್ಲಿ ಅದು ಅಂಡಾಶಯದ ನೆತ್ತಿಯಿಂದ ಹೊರಡುತ್ತದೆ. ಹಳೆಯ ಪದ್ಧತಿ ಇಂಥ ಗುರುತನ್ನೇ ಹಿಡಿದು ತೇಗವನ್ನು ಲಂಟಾನದ ಜೊತೆ ವರ್ಬಿನೇಸೀ ಕುಟುಂಬದಲ್ಲಿಟ್ಟಿತ್ತು. ಎಪಿಜಿಯಲ್ಲಿ ಲಂಟಾನ ಅಲ್ಲೇ ಉಳಿದು, ತೇಗ ಮಾತ್ರ ತುಳಸಿಯ ಲೇಮಿಯೇಸೀಗೆ ಹೋಗುತ್ತದೆ. ಹಾಗಾದರೆ ಯಾವ ಗುರುತಿನಿಂದ ಇದನ್ನು ತುಳಸಿಯ ನೆಂಟನೆನ್ನಬೇಕು ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಾಗ, ಒಣಗಿದ ಹಾಳೆಯ ಮೇಲೆ ಬೆರಳಿಟ್ಟು ತೋರಿಸಬಲ್ಲ ಉತ್ತರ ನನ್ನಲ್ಲಿರಲಿಲ್ಲ. ಎಪಿಜಿಯು ಎಕ್ಕ ಮತ್ತು ಕಣಗಿಲೆಯನ್ನು ಒಂದೇ ಕುಟುಂಬಕ್ಕೆ ಸೇರಿಸಿದ್ದನ್ನು ಒಪ್ಪಿಸುವುದು ಇಷ್ಟು ಕಷ್ಟವಾಗಲಿಲ್ಲ, ಏಕೆಂದರೆ ಎರಡರ ಬೀಜಕ್ಕೂ ರೇಷ್ಮೆಯಂಥ ಕುಚ್ಚಿದೆ.

ಆದರೆ ಸಂಬಂಧವನ್ನು ತಿಳಿಯಲು ಹೊರಟವರನ್ನು ಹಳೆಯ ಕಪಾಟು ದಾರಿ ತಪ್ಪಿಸುತ್ತದೆ. ಅಲ್ಲಿ ಹೂವೇ ಇಲ್ಲದ ಸೈಕಸ್, ದ್ವಿದಳ ಮತ್ತು ಏಕದಳಗಳ ನಡುವೆ ಕುಳಿತಿರುತ್ತದೆ. ಡಾರ್ವಿನ್ನರ ಆಪ್ತ ಸ್ನೇಹಿತರಾಗಿದ್ದ ಹೂಕರ್ ಅವರ ಪದ್ಧತಿಯೇ ವಿಕಾಸದ ಕ್ರಮವನ್ನು ಅನುಸರಿಸದಿರುವುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ. ಕಮಲದ ವಿಷಯವಂತೂ ಇನ್ನೂ ಸ್ವಾರಸ್ಯಕರ. ಒಂದೇ ಕೆರೆಯಲ್ಲಿ ಅರಳುವ ನೈದಿಲೆಯ ಪಕ್ಕದಲ್ಲಿಯೇ ಅದರ ಹಾಳೆಯೂ ಇತ್ತು. ಎಪಿಜಿ ಅದನ್ನು ಎತ್ತಿ ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಮರವಿರುವ ಗಣಕ್ಕೆ ಸೇರಿಸಿತು. ಇದನ್ನು ಮೊದಲು ನಾನೇ ಒಪ್ಪಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಮಲದ ಪರಾಗಕಣದಲ್ಲಿ ಬಹುಪಾಲು ದ್ವಿದಳಗಳಲ್ಲಿರುವಂಥ ಮೂರು ಸೀಳುಗಳು ಕಂಡವು. ನೈದಿಲೆಯ ಪರಾಗದಲ್ಲಿ ಅವು ಇರಲಿಲ್ಲ. ಅಷ್ಟರಿಂದ ಸಿಲ್ವರ್ ಓಕ್‌ನ ನಂಟು ಸಾಬೀತಾಗದಿದ್ದರೂ, ನೈದಿಲೆಯಿಂದ ದೂರ ಸರಿಸಿದ್ದು ಸರಿಯೆಂದು ಮನವರಿಕೆಯಾಯಿತು.

ಕುಟುಂಬದೊಳಗೆ ಕುಲಗಳನ್ನು ಎರಡೂ ವರ್ಷ ಅಕಾರಾದಿಯಲ್ಲೇ ಇಟ್ಟಿದ್ದೆವು. ಹಾಳೆ ಹುಡುಕುವವರಿಗೆ ಅದಕ್ಕಿಂತ ಅನುಕೂಲ ಬೇರೊಂದಿಲ್ಲ.

ಈಗ ಕಪಾಟು ಎಪಿಜಿಯಂತಿದೆ. ಗುರುತಿಸುವ ಪ್ರಾಯೋಗಿಕ ತರಗತಿಗೆ ಮಾತ್ರ ಹಳೆಯ ಪದ್ಧತಿಯ ಕೀಲಿಯನ್ನೇ, ಅಂದರೆ ಲಕ್ಷಣಗಳಿಂದ ಕುಟುಂಬವನ್ನು ಗುರುತಿಸುವ ಪಟ್ಟಿಯನ್ನೇ, ಮೇಜಿನ ಮೇಲಿಡುತ್ತೇನೆ. ಕುಟುಂಬ ಬದಲಾದ ಹಾಳೆಗಳ ಮೂಲೆಯಲ್ಲಿ ಹಳೆಯ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.