ಇಂಟರ್‌ಸೆಪ್ಟರ್ 650: ಬರೀ ಸೈಲೆನ್ಸರ್ ಬದಲಿಸೋದಾ, ಪೂರ್ತಿ ಎಕ್ಸಾಸ್ಟಾ?

ರಾಯಲ್ ಎನ್‌ಫೀಲ್ಡ್‌ನ ಇಂಟರ್‌ಸೆಪ್ಟರ್ 650 ಬೈಕಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 270 ಡಿಗ್ರಿಯದು, ಅಂದರೆ ಎರಡು ಸಿಲಿಂಡರ್ ಸಮ ಅಂತರದಲ್ಲಿ ಸಿಡಿಯದೆ ಗುಡುಗಿನಂಥ ದನಿ ಬರುತ್ತದೆ. ಆ ಗುಡುಗು ಎಂಜಿನ್ನಿನಲ್ಲೇ ಇದೆ, ಕಂಪನಿಯ ಸೈಲೆನ್ಸರ್ ಅದನ್ನು ಅದುಮಿಟ್ಟಿದೆ ಅಷ್ಟೇ.

ಸ್ಲಿಪ್-ಆನ್ ಅಂದರೆ ಹಿಂದಿನ ಎರಡು ಸೈಲೆನ್ಸರ್ ಮಾತ್ರ ಬದಲು. ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್), ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಮುಂದಿನ ಬೆಂಡ್ ಪೈಪಿನಲ್ಲೇ ಉಳಿಯುತ್ತವೆ. ಸಾಮಾನ್ಯವಾಗಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮುಟ್ಟಬೇಕಿಲ್ಲ. ಎಂಜಿನ್ ತಣ್ಣಗಿರುವಾಗ ಕ್ಲ್ಯಾಂಪ್, ಬ್ರಾಕೆಟ್ ಬೋಲ್ಟ್ ಬಿಚ್ಚಿ. ಹೊಸದನ್ನು ಕೂರಿಸಿ, ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಪೈಪ್ ನೇರಕ್ಕೆ ಬಂದ ಮೇಲೆ ಬಿಗಿ ಮಾಡಿ. ಥ್ರಾಟಲ್ ಬಿಟ್ಟಾಗ ಪಟಪಟ ಅಂದರೆ ಖುಷಿಪಡಬೇಡಿ: ಜಾಯಿಂಟಿನಲ್ಲಿ ಗಾಳಿ ಒಳನುಗ್ಗಿ, ಉಳಿದ ಪೆಟ್ರೋಲ್ ಪೈಪಿನಲ್ಲೇ ಉರಿಯುತ್ತಿರಬಹುದು.

ಮುಂದಿನ ಬೆಂಡ್ ಪೈಪೂ ಸೇರಿ ಬದಲಿಸುವ ಪೂರ್ತಿ ಸಿಸ್ಟಂ ಹಗುರ, ದನಿ ಇನ್ನೂ ದಪ್ಪ. ಆದರೆ ಎಕ್ಸಾಸ್ಟ್ ಗ್ಯಾಸ್ಕೆಟ್ ಹೊಸದು ಬೇಕು, ಇಸಿಯುನ ಪೆಟ್ರೋಲ್ ಲೆಕ್ಕ ಬದಲಿಸುವ ರೀಮ್ಯಾಪ್ ಬೇಕು. ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಕ್ಯಾಟ್ ಹೋದರೆ ಹೊಗೆ ತಪಾಸಣೆಯೂ ಕಷ್ಟ.

ದಿನಾ ಓಡಿಸುವವರಿಗೆ ಡಿಬಿ ಕಿಲ್ಲರ್ (ಸೈಲೆನ್ಸರ್ ಒಳಗೆ ಕೂರಿಸಿ ಶಬ್ದ ತಗ್ಗಿಸುವ ಬಿಡಿಭಾಗ) ಇರುವ ಸ್ಲಿಪ್-ಆನೇ ಸಾಕು. ಆ ಕಿಲ್ಲರ್ ಕಿತ್ತರೆ ಬರುವುದು ಬಾಸ್ ಅಲ್ಲ, ಕಿರುಚಾಟ. ಯಾವುದೇ ಹಾಕಿಸಿ, ಶಬ್ದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ರಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ. ಮತ್ತೆ ಹಾಕಬೇಕಾಗಬಹುದು, ಹಳೇ ಸೈಲೆನ್ಸರ್ ಮಾರಬೇಡಿ.