ತಾಮ್ರದ ಡಬ್ಬಿ, ಎರಿಮಣ್ಣಿನ ಹೊದಿಕೆ: ಕೆಬಿಎಸ್-3ಕ್ಕೆ ಐದರಲ್ಲಿ ನಾಲ್ಕು

ಉರಿದು ಮುಗಿದ ಅಣು ಇಂಧನವನ್ನು ನೆಲದಡಿ ಹೂಳಲು ಸ್ವೀಡನ್ನಿನ ಅಣು ತ್ಯಾಜ್ಯ ಸಂಸ್ಥೆ ಎಸ್‌ಕೆಬಿ ರೂಪಿಸಿದ ಪದ್ಧತಿ ಕೆಬಿಎಸ್-3. ಫಿನ್ಲೆಂಡಿನ ಅಂಥದ್ದೇ ಸಂಸ್ಥೆ ಪೊಸಿವಾ ಕೂಡ ಇದನ್ನೇ ನೆಚ್ಚಿ ಒಂಕಾಲೊ ಸುರಂಗ ತೋಡಿದೆ. ಎರಕದ ಕಬ್ಬಿಣದ ಒಳಭಾಗ, ಅದರ ಮೇಲೆ 5 ಸೆಂ.ಮೀ. ದಪ್ಪದ ತಾಮ್ರ, ಇಂಧನ ತುಂಬಿದರೆ ಡಬ್ಬಿಯೊಂದರ ತೂಕ ಸುಮಾರು 25 ಟನ್. 400ರಿಂದ 500 ಮೀಟರ್ ಆಳದ ಬಂಡೆಯ ಕುಳಿಯಲ್ಲಿ ಇದನ್ನು ಇಳಿಸಿ, ಸುತ್ತಲೂ ಸುಮಾರು 35 ಸೆಂ.ಮೀ. ಬೆಂಟೊನೈಟ್ ಮಣ್ಣು ತುಂಬುತ್ತಾರೆ.

ಪೂರ್ತಿ ಅಂಕ ಈ ಮಣ್ಣಿಗೆ. ಇದರ ಮುಖ್ಯ ಖನಿಜ ಮಾಂಟ್ಮೊರಿಲೊನೈಟ್, ನಮ್ಮ ಎರಿಮಣ್ಣಿನ ಬಳಗದ್ದೇ. ಬೇಸಿಗೆಯಲ್ಲಿ ಅಣ್ಣಿಗೇರಿ, ನವಲಗುಂದದ ಹೊಲದಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಎರಡು ದೊಡ್ಡ ಮಳೆಯಾದರೆ ಬಿರುಕಿನ ಗುರುತೇ ಸಿಗುವುದಿಲ್ಲ. ಮನೆ ಕಟ್ಟುವವರು ಎರಿ ತೆಗೆದು ಗರಸು ತುಂಬುವುದು ಈ ಉಬ್ಬಿಗೆ ಹೆದರಿಯೇ. ಡಬ್ಬಿ ಇಳಿಸಿದ ಕುಳಿಯಲ್ಲಿ ಆ ಉಬ್ಬೇ ಬೇಕು. ನೀರು ಕುಡಿದ ಬೆಂಟೊನೈಟ್ ಹಿಗ್ಗಲು ಜಾಗವಿಲ್ಲದೆ ಚದರ ಸೆಂ.ಮೀ.ಗೆ ಹತ್ತಾರು ಕಿಲೊ ಒತ್ತಡ ಹಾಕಿ ಸಂದುಗಳನ್ನೆಲ್ಲ ಮುಚ್ಚುತ್ತದೆ. ಘನ ಮೀಟರಿಗೆ ಸುಮಾರು 2,000 ಕೆ.ಜಿ. ಸಾಂದ್ರತೆ ಉಳಿದರೆ ಒಳಗೆ ನೀರು ಹರಿಯದು, ಬ್ಯಾಕ್ಟೀರಿಯಾ ಬೆಳೆಯದು. ಪದರಗಳಲ್ಲಿ ಋಣ ಆವೇಶ ಇರುವುದರಿಂದ ಇಂಧನದಿಂದ ಸೋರಬಹುದಾದ ವಿಕಿರಣಶೀಲ ಸೀಸಿಯಂ ಅಂಟಿಕೊಳ್ಳುತ್ತದೆ. ಅಯೋಡಿನ್-129 ಮಾತ್ರ ಅಂಟುವುದಿಲ್ಲ, ಅದರ ಅರ್ಧಾಯುಷ್ಯವೋ 1.57 ಕೋಟಿ ವರ್ಷ. ಅದಕ್ಕೇ ಡಬ್ಬಿ ತೂತಾಗಬಾರದು.

ಕೆಡುವುದು ಎಲ್ಲಿ? ಮೊದಲು, ನೀರಿನ ಆತುರದಲ್ಲಿ. ಮಣ್ಣು ಉಬ್ಬಿಕೊಳ್ಳುವ ಮುನ್ನ ನೀರು ರಭಸದಿಂದ ನುಗ್ಗಿದರೆ, ಹೊಸ ಒಡ್ಡಿಗೆ ತೂತು ಬಿದ್ದ ಹಾಗೆ, ಮಣ್ಣು ಕೊಚ್ಚಿ ಹೋಗುತ್ತದೆ. ನಿಮಿಷಕ್ಕೆ 0.1 ಲೀಟರಿಗಿಂತ ಹೆಚ್ಚು ನೀರು ಬರುವ ಕುಳಿಯನ್ನು ಪೊಸಿವಾ ಕೈಬಿಡುವುದು ಇದಕ್ಕೇ. ಗದಗ ಕಡೆ ಬೋರ್ ಕೊರೆಸಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಒಂದರಲ್ಲಿ ಎರಡು ಇಂಚು ನೀರು, ಮಗ್ಗುಲಿನ ಇನ್ನೊಂದರಲ್ಲಿ ಬರೀ ಧೂಳು. ಬಂಡೆಯ ವಯಸ್ಸಿಗಿಂತ ಅದರ ಸೀಳುಗಳ ಲೆಕ್ಕ ಮುಖ್ಯ, ಹಾಗಾಗಿ ಕುಳಿ ಕುಳಿಯನ್ನೂ ಅಳೆಯಲೇಬೇಕು. ತೀರಾ ಒಣ ಬಂಡೆಯಲ್ಲೂ ತೊಂದರೆಯಿದೆ, ಮಣ್ಣು ಪೂರ್ತಿ ನೆನೆಯಲು ಸಾವಿರಾರು ವರ್ಷ ಹಿಡಿಯಬಹುದು. ಇಂಧನ ಹೊಮ್ಮಿಸುವ ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟದ ಹಾಗೆ ಡಬ್ಬಿಗಳ ನಡುವೆ ಅಂತರ ಬಿಡುತ್ತಾರೆ. ಮಾಮೂಲಿ ಸಿಮೆಂಟಿನ ಕ್ಷಾರ ಈ ಮಣ್ಣನ್ನು ಹಾಳು ಮಾಡುವುದರಿಂದ ಸುರಂಗಕ್ಕೆ ಕಡಿಮೆ ಕ್ಷಾರದ ಸಿಮೆಂಟು.

ತಾಮ್ರಕ್ಕೆ ಅರ್ಧ ಅಂಕ ಕಡಿತ. ಹಂಡೆಯ ಮೇಲೆ ಹಸಿರು ಕಿಲುಬು ಕಟ್ಟಲು ಗಾಳಿ ಬೇಕು. ಕುಳಿ ಮುಚ್ಚಿದ ಮೇಲೆ ಒಳಗುಳಿದ ಆಮ್ಲಜನಕ ಬೇಗ ತೀರಿಹೋಗುತ್ತದೆ. ಆಮೇಲೆ ಬರುವ ಶತ್ರು ಸಲ್ಫೈಡ್, ಆಳದ ನೀರಿನಲ್ಲಿರುವ ಗಂಧಕದ ರೂಪ, ತಾಮ್ರವನ್ನು ಕಪ್ಪಗೆ ಮಾಡುವಂಥದ್ದು. ಮಣ್ಣು ಗಟ್ಟಿಯಾಗಿದ್ದರೆ ಅದು ಕಣಕಣವಾಗಿ ಮಾತ್ರ ನುಸುಳುತ್ತದೆ. ಆದರೆ ಮುಂದಿನ ಹಿಮಯುಗದಲ್ಲಿ ಉಪ್ಪಿಲ್ಲದ ಕರಗುನೀರು ಆಳಕ್ಕಿಳಿದರೆ ಮಣ್ಣಿನ ಅಂಚು ಕದಡಿ ತೇಲಿ ಹೋಗಬಹುದು, ಸಲ್ಫೈಡ್ ನೇರವಾಗಿ ತಾಮ್ರ ಮುಟ್ಟಬಹುದು. ಸ್ವೀಡನ್ನಿನ ಭೂಮಿ ಮತ್ತು ಪರಿಸರ ನ್ಯಾಯಾಲಯ 2018ರಲ್ಲಿ ಡಬ್ಬಿ ಸವೆಯುವ ಬಗ್ಗೆಯೇ ಇನ್ನಷ್ಟು ಪುರಾವೆ ಕೇಳಿತು. ಕೇಳಿದ್ದು ಸರಿಯಾಗಿತ್ತು. ಸರಕಾರದ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ.

ಇನ್ನರ್ಧ ಅಂಕ ಪರೀಕ್ಷೆಯ ಅವಧಿಗೆ ಹೋಯಿತು. ಲೆಕ್ಕ ಹಾಕುವುದು ಹತ್ತು ಲಕ್ಷ ವರ್ಷಕ್ಕೆ. ಸ್ವಿಟ್ಜರ್ಲೆಂಡಿನ ಗ್ರಿಮ್ಸೆಲ್‌ನಲ್ಲಿ ಬೆಂಟೊನೈಟ್ ನಡುವೆ ಹೀಟರ್ ಇಟ್ಟು 1997ರಿಂದ 2015ರವರೆಗೆ ಕಾಯಿಸಿದರು. 18 ವರ್ಷವಾದರೂ ಹೀಟರ್ ಪಕ್ಕದ ಮಣ್ಣು ಪೂರ್ತಿ ನೆನೆದಿರಲಿಲ್ಲ. ಉಳಿದದ್ದು ಗಣಿತದ ಮೇಲೆ ನಿಂತಿದೆ. ಆ ಗಣಿತ ದಾಟಬಾರದ ಗೆರೆ ಸ್ವೀಡನ್ನಿನಲ್ಲಿ ಬಿಗಿಯಾಗಿಯೇ ಇದೆ: ಹೆಚ್ಚು ಬಾಧಿತವಾಗಬಲ್ಲ ಗುಂಪಿನ ಒಬ್ಬ ವ್ಯಕ್ತಿಗೆ ವರ್ಷಕ್ಕೆ ವಿಕಿರಣದಿಂದ ಆರೋಗ್ಯ ಕೆಡುವ ಹತ್ತು ಲಕ್ಷದಲ್ಲಿ ಒಂದರಷ್ಟು ಅಪಾಯ.

ಇಂಥ ಯಾವುದೇ ಸುರಕ್ಷತಾ ವರದಿ ಕೈಗೆ ಸಿಕ್ಕರೆ ಮೊದಲು ಎರಡು ಅಂಕಿ ಹುಡುಕಿ: ಆಳದ ನೀರಿನಲ್ಲಿ ಸಲ್ಫೈಡ್ ಎಷ್ಟು, ನೀರು ಹೆಚ್ಚೆಂದು ಕೈಬಿಟ್ಟ ಕುಳಿಗಳು ಎಷ್ಟು. ಎರಡನೆಯದು ಸೊನ್ನೆ ಇದ್ದರೆ ಅಳತೆಯ ದಾಖಲೆ ಕೇಳಿ.