ಕಿವಿ ಸೋರಿದ್ರ ಅಂಗಡಿ ಗುಳಗಿ ಬ್ಯಾಡ್ರಿ, ನಮ್ಮ ಹುಡುಗಗ ಆಗಿದ್ದು ಕೇಳ್ರಿ

ನಮ್ಮದು ಜಮಖಂಡಿ ತಾಲೂಕಿನ ಒಂದು ಹಳ್ಳಿ. ನನ್ನ ಮಗಗ ಈಗ ಒಂಬತ್ತು ವರ್ಷ. ಮೊನ್ನೆ ಸಂತ್ಯಾಗ ಒಬ್ಬಾಕಿ ತಾಯಿ ಕೂಸಿನ ಕಿವ್ಯಾಗ ಹತ್ತಿ ತುರುಕಿ ಮೆಡಿಕಲ್ ಅಂಗಡಿ ಮುಂದ ನಿಂತು "ಕಿವಿ ಸೋರೂದಕ್ಕ ಗುಳಗಿ ಕೊಡ್ರಿ" ಅನ್ನಾಕತ್ತಿದ್ಲು, ಎರಡು ವರ್ಷದ ಹಿಂದ ಹಂಗ ನಿಂತಾಕಿ ನಾನs, ನೋಡಿ ಕರಳು ಚುರ್ ಅಂತು, ಅದಕ್ಕ ಇದನ್ನ ಬರಿಯಾಕತ್ತೀನಿ.

ಶುರು ಆಗಿದ್ದು ಸಾದಾ ನೆಗಡಿಯಿಂದ. ರಾತ್ರಿ ಇಡೀ ಕಿವಿ ಹಿಡಕೊಂಡು ಅತ್ತ, ಮುಂಜಾನೆ ನೋಡಿದ್ರ ತಲಿದಿಂಬಿನ ಮ್ಯಾಲ ಕೀವು, ನೋವು ಮಾತ್ರ ಇಲ್ಲ. ನೋವು ಹೋತಲ್ಲ ಅಂತ ನಮಗ ಸಮಾಧಾನ ಆತು. ಕಿವಿ ಪಡದಿ ಹರದು ಒಳಗಿನ ಒತ್ತಡ ಹೊರಗ ಬಂದಿದ್ದಕ್ಕ ನೋವು ಹೋಗಿತ್ತು ಅನ್ನೂದು ನಮಗೇನ ಗೊತ್ತು. ಅತ್ತಿಯವರು ಬಳ್ಳೊಳ್ಳಿ ಕಾಸಿದ ಎಣ್ಣಿ ಹಾಕಿದ್ರು, ಅಂಗಡ್ಯಾಂವ ಅಮಾಕ್ಸಿಸಿಲಿನ್ ಅನ್ನೂ ಆ್ಯಂಟಿಬಯಾಟಿಕ್ ಗುಳಗಿ ಕೊಟ್ಟ. ಮೂರನೇ ದಿನಕ್ಕ ಕಿವಿ ಒಣಗಿತು, ಉಳಿದ ಗುಳಗಿ ಮುಂದ ಬೇಕಾಗ್ತಾವಂತ ಡಬ್ಬ್ಯಾಗ ಎತ್ತಿಟ್ಟೆ.

ಬ್ಯಾಸಿಗ್ಯಾಗ ಹುಡುಗರ ಜೋಡಿ ಬಾವ್ಯಾಗ ಈಜಾಕ ಹೋದ, ಮತ್ತ ಸೋರಾಕ ಹತ್ತಿತು, ಈ ಸಲ ನಾತ ಬ್ಯಾರೆ. ಅಲ್ಲಿಂದ ಒಂದೂವರಿ ವರ್ಷ ನಾನು ಮಾಡಿದ್ದು ಇದ, ಅಜಿಥ್ರೋಮೈಸಿನ್ ಮೂರು ದಿನ, ಆಗಲಿಲ್ಲಂದ್ರ ಸೆಫಿಕ್ಸಿಮ್ ನಾಕು ದಿನ, ಸಿಪ್ರೊಫ್ಲಾಕ್ಸಾಸಿನ್ ಡ್ರಾಪ್ಸ್ ಕಿವಿ ಒಣಗೂ ತನಕ, ಒಣಗಿದ್ ಕೂಡ್ಲೆ ಬಂದ್, ಆಮ್ಯಾಲ ಯಾರೋ ಹೇಳಿದ್ರಂತ ಜೆಂಟಾಮೈಸಿನ್ ಡ್ರಾಪ್ಸ್. ಒಂದು ಸಲಾನೂ ಚೀಟಿ ಇರಲಿಲ್ಲ. ಸೆಫಿಕ್ಸಿಮ್ ಶೆಡ್ಯೂಲ್ ಎಚ್1 ಔಷಧ, 2014ರಿಂದ ಡಾಕ್ಟ್ರ ಚೀಟಿ ನೋಡಿ ರಿಜಿಸ್ಟರ್‌ದಾಗ ಬರಕೊಂಡು ಕೊಡಬೇಕಂತ ಕಾನೂನೈತಿ, ನಮಗ ಬಿಸ್ಕೀಟ್ ಕೊಟ್ಟಂಗ ಕೊಟ್ರು.

ಸಾಲಿ ಟೀಚರ್ರು "ಕರದ್ರ ಓ ಅನ್ನಂಗಿಲ್ಲ ರೀ" ಅಂದಾಗ ಎದಿ ಒಡೀತು. ಬೆಳಗಾವಿಗೆ ಹೋಗಿ ಇಎನ್‌ಟಿ, ಅಂದ್ರ ಕಿವಿ ಮೂಗು ಗಂಟಲು ನೋಡೂ ಡಾಕ್ಟ್ರಿಗೆ ತೋರಿಸಿದ್ವಿ. ಅವರು ಮೊದಲ ಗುಳಗಿ ಬರೀಲಿಲ್ಲ. ಒಂದು ವಾರ ಎಲ್ಲಾ ಆ್ಯಂಟಿಬಯಾಟಿಕ್ ಬಂದ್ ಮಾಡಿಸಿ, ಆಮ್ಯಾಲ ಕೀವು ಕಡ್ಡೀಲೆ ತಗದು ಕಲ್ಚರ್‌ಗೆ ಕಳಿಸಿದ್ರು. ಲ್ಯಾಬ್‌ನ್ಯಾಗ ರೋಗಾಣು ಬೆಳೆಸಿ ಅದರ ಮ್ಯಾಲ ಒಂದೊಂದು ಔಷಧದ ಬಿಲ್ಲಿ ಇಡ್ತಾರ, ಬಿಲ್ಲಿ ಸುತ್ತ ಬೆಳೀಲಿಲ್ಲಂದ್ರ ಆ ಔಷಧ ನಾಟತೈತಿ, ಬಿಲ್ಲಿ ತನಕ ಬೆಳೀತಂದ್ರ ನಾಟಂಗಿಲ್ಲ. ಮೂರು ದಿನಕ್ಕ ರಿಪೋರ್ಟ್ ಬಂತು. ರೋಗಾಣುವಿನ ಹೆಸರು ಸೂಡೋಮೊನಾಸ್. ಸಿಪ್ರೊಫ್ಲಾಕ್ಸಾಸಿನ್ ಮುಂದ ಆರ್, ಜೆಂಟಾಮೈಸಿನ್ ಮುಂದ ಆರ್. ಆರ್ ಅಂದ್ರ ರೆಸಿಸ್ಟಂಟ್, ಆ ಔಷಧಕ್ಕ ಅದು ಬಗ್ಗಂಗಿಲ್ಲ.

ಡಾಕ್ಟ್ರು ಕುಂದರಿಸಿ ತಿಳಿಸಿ ಹೇಳಿದ್ರು. ನೆಗಡಿ ಕಿವಿನೋವಿನ ರೋಗಾಣು ಬ್ಯಾರೆ, ಅವಕ್ಕ ಅಮಾಕ್ಸಿಸಿಲಿನ್ ನಡೀತೈತಿ. ಸೂಡೋಮೊನಾಸ್ ನೀರು, ತೇವ ಇರೂ ಜಾಗಾದಾಗ ಇರೂದು, ಹರದ ಪಡದಿ ತೂತಿನಿಂದ ಒಳಗ ಹೊಕ್ಕತೈತಿ, ಅದಕ್ಕ ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಅಜಿಥ್ರೋಮೈಸಿನ್ ಮೊದಲಿಂದಾನೂ ನಾಟೂ ಔಷಧಾನ ಅಲ್ಲ. ಅಂದ್ರ ನಾನು ಹಾಕಿದ ಅರ್ಧಕ್ಕರ್ಧ ಗುಳಗಿ ಸುಮ್ಮನ ಹೊಟ್ಟ್ಯಾಗಿನ ಒಳ್ಳೆ ಬ್ಯಾಕ್ಟೀರಿಯಾ ಕೊಂದ್ವು ಅಷ್ಟ. ಸೂಡೋಮೊನಾಸ್ ತನ್ನ ಮೈಯಾಗ ಹೊಕ್ಕ ಔಷಧಾನ ಪಂಪ್ ಹೊಡದಂಗ ಹೊರಗ ಹಾಕತೈತಂತ, ಮ್ಯಾಲ ನೀರಿನ ತೊಟ್ಟಿಗೆ ಹಿಡಿಯೂ ಲೋಳಿಯಂಗ ಒಂದು ಪದರ ಕಟಗೊಂಡು ಅದರಾಗ ಅಡಗತೈತಿ. ಡ್ರಾಪ್ಸ್ ಅರ್ಧಕ್ಕ ಬಿಟ್ಟಾಗೆಲ್ಲ ಮೆತ್ತಗಿನವು ಸತ್ತು ಗಟ್ಟಿ ಇದ್ದವು ಉಳದು ಅವs ಬೆಳದ್ವು. ಜೆಂಟಾಮೈಸಿನ್ ಡ್ರಾಪ್ಸ್‌ದಂತೂ ಕೇಳಿ ನನಗ ಮಾತ ಬರಲಿಲ್ಲ, ಪಡದಿ ತೂತಿದ್ದಾಗ ಹಾಕಿದ್ರ ಅದು ಒಳಗಿವಿಗೆ ಇಳದು ಕೇಳೂ ಶಕ್ತಿಗೇ ಪೆಟ್ಟು ಕೊಡಬಹುದಂತ.

ಹತ್ತು ದಿನ ಅಡ್ಮಿಟ್, ದಿನಕ್ಕ ಮೂರು ಸಲ ಪಿಪೆರಾಸಿಲಿನ್ ಟಾಜೊಬ್ಯಾಕ್ಟಮ್ ಅನ್ನೂ ಆ್ಯಂಟಿಬಯಾಟಿಕ್ ಸಲೈನ್‌ನ್ಯಾಗ, ಸಣ್ಣ ಕೈ ಬಾತು ಸೂಜಿ ಚುಚ್ಚಾಕ ಜಾಗಾ ಇರಲಿಲ್ಲ. ಜೋಡಿಗೆ ಮಿಷಿನ್‌ಲೆ ಕೀವು ಎಳದು ಕಿವಿ ಸ್ವಚ್ಛ ಮಾಡೂದು. ಸ್ವಚ್ಛ ಮಾಡದs ಯಾವ ಡ್ರಾಪ್ಸ್ ಹಾಕಿದ್ರೂ ಕೀವಿನ ಮ್ಯಾಲ ನಿಲ್ಲತೈತಿ, ಒಳಗ ಮುಟ್ಟಂಗಿಲ್ಲ, ಇದನ್ನೂ ನಮಗ ಯಾರೂ ಹೇಳಿರಲಿಲ್ಲ.

ನಿಮ್ಮ ಕೂಸಿನ ಕಿವಿ ಎರಡು ವಾರದ ಮ್ಯಾಲ ಸೋರಾಕತ್ತಿದ್ರ, ಇಲ್ಲಾ ಒಣಗಿ ಒಣಗಿ ಮತ್ತ ಸೋರಾಕತ್ತಿದ್ರ, ಅಂಗಡಿ ಕಡೆ ಹೋಗಬ್ಯಾಡ್ರಿ, ಇಎನ್‌ಟಿ ಡಾಕ್ಟ್ರ ಕಡೆ ಹೋಗ್ರಿ, ಕೀವು ಟೆಸ್ಟ್‌ಗೆ ಕಳಸ್ತೀರೇನ್ರಿ ಅಂತ ನೀವ ಬಾಯಿಬಿಟ್ಟು ಕೇಳ್ರಿ. ಎಣ್ಣಿ ಹಾಕಬ್ಯಾಡ್ರಿ. ತಲಿ ಮ್ಯಾಲ ನೀರು ಹಾಕೂ ಮುಂದ ಹತ್ತಿಗೆ ವ್ಯಾಸಲೀನ್ ಹಚ್ಚಿ ಕಿವಿ ಮುಚ್ಚ್ರಿ. ಕೀವಿನ ಜೋಡಿ ತಲಿ ತಿರಗೂದು, ಬಾಯಿ ಸೊಟ್ಟ ಆಗೂದು, ಕಿವಿ ಹಿಂದ ಬಾವು ಬರೂದು ಕಂಡ್ರ ಮರುದಿನಾ ಅಂತ ಕಾಯಬ್ಯಾಡ್ರಿ, ಅದs ರಾತ್ರಿ ಗಾಡಿ ಮಾಡ್ರಿ.

ನಮ್ಮವನ ಕಿವಿ ಈಗ ಒಣಗೇತಿ. ಪಡದಿ ಹಚ್ಚೂ ಆಪರೇಷನ್ ಇನ್ನೂ ಬಾಕಿ. ಎಡಗಡೆಯಿಂದ ಕರದ್ರ ಇನ್ನೂ ಹೊಳ್ಳಿ ನೋಡಂಗಿಲ್ಲ, ನಾವು ಬಲಕ್ಕ ಬಂದು ಕರೀತೀವಿ.